ಹೈಡ್ ಪಾರ್ಕಿನಲ್ಲೊಂದು ಷಷ್ಟ್ಯಬ್ದಿ

2022ರ ಜೂನ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ವಿಚಾರಿಸುತ್ತಿದ್ದದ್ದು ಮಿಕ್ ಜಾಗರ್ ಆರೋಗ್ಯವನ್ನು. ಅವನು ಹಾಡುವ ಇಂಗ್ಲೆಂಡಿನ ರಾಕ್ ಸಂಗೀತ ತಂಡ ರೋಲಿಂಗ್ ಸ್ಟೋನ್ಸ್‌ಗೆ ಅರವತ್ತು ತುಂಬುತ್ತಿತ್ತು. ಆ ನೆಪದಲ್ಲಿ ಯುರೋಪ್ ಸುತ್ತಲು ಹೊರಟಿದ್ದರು. ಜೂನ್ 1ಕ್ಕೆ ಮ್ಯಾಡ್ರಿಡ್‌ನಲ್ಲಿ ಶುರು. 13ಕ್ಕೆ ಆಮ್‌ಸ್ಟರ್‌ಡ್ಯಾಮ್. ಅಲ್ಲಿ ಜನ ಸ್ಟೇಡಿಯಂ ಒಳಗೆ ಬಂದು ಕಾಯುತ್ತಿದ್ದಾರೆ, ಆಗ ಹೇಳಿದರು: ಜಾಗರ್‌ಗೆ ಕೋವಿಡ್, ಇವತ್ತಿಲ್ಲ. 17ರ ಬರ್ನ್ ಕಾರ್ಯಕ್ರಮವಂತೂ ರದ್ದೇ ಆಯಿತು. ನಮ್ಮ ಟಿಕೆಟ್ ಇದ್ದದ್ದು 25ಕ್ಕೆ, ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ. ಎಪ್ಪತ್ತೆಂಟು ವರ್ಷದ ಮುದುಕ. ಅಷ್ಟರಲ್ಲಿ ಎದ್ದು ಕುಣಿಯೋಕಾಗುತ್ತಾ?

ಕುಣಿದ. 21ಕ್ಕೆ ಮಿಲಾನ್‌ನಲ್ಲಿ ಏನೂ ಆಗಿಲ್ಲದವನ ಹಾಗೆ ಓಡಾಡಿಬಿಟ್ಟ. ನಮಗೆ ಹೋದ ಜೀವ ಬಂತು. ಮಾರನೇ ದಿನ ನನ್ನ ಹೆಂಡತಿಗೆ ಕೋವಿಡ್. ಟೆಸ್ಟ್ ಕಡ್ಡಿಯಲ್ಲಿ ಎರಡು ಗೆರೆ, ಎರಡೂ ಅಚ್ಚುಕಟ್ಟಾಗಿ.

ನಾವಿರುವುದು ಲಂಡನ್ ಹತ್ತಿರದ ರೆಡಿಂಗ್‌ನಲ್ಲಿ. ಮಾವ ಆಗ ಹಾಸನದಿಂದ ಬಂದಿದ್ದರು. ವಯಸ್ಸು ಎಪ್ಪತ್ತನಾಲ್ಕು, ಸಹಕಾರಿ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಪಾಶ್ಚಾತ್ಯ ಸಂಗೀತಕ್ಕೂ ಅವರಿಗೂ ಇದ್ದ ನಂಟು ಒಂದೇ: ಎದುರು ಮನೆ ಹುಡುಗನಿಗೆ ಗಿಟಾರ್ ಕೊಳ್ಳೋಕೆ ಸಾಲ ಕೊಡಲ್ಲ ಅಂದಿದ್ದು. ಆದರೆ ದುಡ್ಡು ಕೊಟ್ಟ ಟಿಕೆಟ್ ಸುಮ್ನೆ ಹಾಳಾಗುವುದನ್ನು ಕಣ್ಣಿಂದ ನೋಡುವ ಜಾತಿ ಅಲ್ಲ ಅವರು. ನಮ್ಮಿಬ್ಬರ ಕಡ್ಡಿಯಲ್ಲಿ ಒಂದೇ ಗೆರೆ ಅಂತ ಖಾತ್ರಿ ಆದಮೇಲೆ ಕೇಳಿದರು, “ಅಳಿಯಂದ್ರೆ, ಇವರು ಯಾವ ವರ್ಷ ಶುರು ಮಾಡಿದ್ದು?”

“1962, ಮಾವ. ಜುಲೈ 12ಕ್ಕೆ ಲಂಡನ್ನಿನ ಮಾರ್ಕೀ ಕ್ಲಬ್‌ನಲ್ಲಿ ಮೊದಲ ಕಾರ್ಯಕ್ರಮ.”

ಸೂಟ್‌ಕೇಸಿನಿಂದ ಪಂಚಾಂಗ ಹೊರಗೆ ಬಂತು. ಬೆರಳು ಮಡಿಸಿ ಎಣಿಸಿದರು. “ಶುಭಕೃತು ಸಂವತ್ಸರ. ಈಗ ನಡೀತಿರೋದೂ ಶುಭಕೃತುವೇ. ಹುಟ್ಟಿದ ಸಂವತ್ಸರ ತಿರುಗಿ ಬಂದಿದೆ, ಷಷ್ಟ್ಯಬ್ದಿ ಲೆಕ್ಕ ಸರಿಯಾಗಿದೆ. ಹೋಗೋಣ.” ಸ್ಟೋನ್ಸ್ ಬಗ್ಗೆ ಪುಟಗಟ್ಟಲೆ ಬರೆದ ಇಂಗ್ಲಿಷ್ ವಿಮರ್ಶಕರು ಎಷ್ಟೋ ಜನ. ಒಬ್ಬರಿಗಾದರೂ ಇದು ಹೊಳೆದಿತ್ತಾ?

ಆ ಶನಿವಾರ ಇಡೀ ದೇಶದಲ್ಲಿ ರೈಲು ಮುಷ್ಕರ. 21, 23, 25, ಹೀಗೆ ದಿನ ಬಿಟ್ಟು ದಿನ. ಓಡುವ ನಾಕಾರು ರೈಲೂ ಸಂಜೆ ಆರೂವರೆ ಹೊತ್ತಿಗೆ ಬಂದ್. ಅದಕ್ಕೇ ಕಾರಿನಲ್ಲಿ ಲಂಡನ್ನಿನ ಅಂಚಿನ ಹೌನ್ಸ್ಲೋಗೆ ಹೋದೆವು. ಅಲ್ಲಿ ಹೆಂಡತಿಯ ಚಿಕ್ಕಮ್ಮನ ಮಗಳ ಮನೆಯ ಮುಂದೆ ಕಾರು ಬಿಟ್ಟು ಟ್ಯೂಬ್‌ನ, ಅಂದರೆ ನೆಲದಡಿಯ ರೈಲಿನ, ಪಿಕಡಿಲಿ ಲೈನ್ ಹಿಡಿದೆವು. ಮಾವನಿಗೆ ಮುಷ್ಕರದ ಬಗ್ಗೆ ಬೇಜಾರೇನೂ ಇರಲಿಲ್ಲ. “ಲಂಡನ್ನಲ್ಲೂ ಮುಷ್ಕರ ಮಾಡ್ತಾರಾ!” ಅಂತ ಖುಷಿಯೇ ಆಯಿತು. ಊರಿಗೆ ಹೋಗಿ ಹೇಳೋಕೆ ಒಂದು ವಿಷಯ.

ಎ4 ಹಾಳೆಗಿಂತ ದೊಡ್ಡ ಚೀಲ ತರಬಾರದು ಅಂತ ಮೊದಲೇ ತಿಳಿಸಿದ್ದರು. ನಾನು ಮಾವನಿಗೆ ಹೇಳಿದ್ದೆ. ಮಾವ ಹಾಳೆ ಇಟ್ಟು ಅಳೆದೇ ಚೀಲ ತಂದಿದ್ದರು. ಉದ್ದ ಸರಿ, ಅಗಲ ಸರಿ. ದಪ್ಪದ ಬಗ್ಗೆ ಯಾರೂ ಏನೂ ಹೇಳಿರಲಿಲ್ಲವಲ್ಲ! ಗೇಟಿನ ಹುಡುಗ ಒಂದೊಂದಾಗಿ ಹೊರಗೆ ತೆಗೆದ. ಬಿಪಿ ಮಾತ್ರೆ. ಸ್ವೆಟರ್. ಮಂಕಿ ಕ್ಯಾಪ್. ಸ್ಟೀಲ್ ಫ್ಲಾಸ್ಕ್. ಪಂಚಾಂಗ. ಕೋಡುಬಳೆ ಡಬ್ಬಿ. ಪಂಚಾಂಗವನ್ನು ತಿರುಗಿಸಿ ತಿರುಗಿಸಿ ನೋಡಿದ. ಕೋಡುಬಳೆಯನ್ನು ಬೆಳಕಿಗೆ ಹಿಡಿದು ನೋಡಿದ. ಮಾವ “ತಿನ್ನಿ, ತಿನ್ನಿ” ಅಂದರು, ಕನ್ನಡದಲ್ಲೇ. ಅವನಿಗೆ ಅರ್ಥ ಆಯಿತೋ ಏನೋ, ಒಂದು ತಿಂದ. ಹೊರಗಿನ ತಿಂಡಿ ಬಿಡುವ ಹಾಗಿಲ್ಲ ಅಂತ ಫಲಕ ಹಾಕಿದ್ದರು. ಆದರೂ ಡಬ್ಬಿ ಒಳಗೆ ಬಂತು. ಫ್ಲಾಸ್ಕ್ ಹೊರಗೇ ಉಳಿಯಿತು. ಅತ್ತೆಯ ತವರಿನವರು ಕೊಟ್ಟಿದ್ದಂತೆ ಅದು. ಅದರ ವಿಚಾರಣೆ ಹಾಸನದಲ್ಲಿ ಈಗಲೂ ಮುಗಿದಿಲ್ಲ.

ಒಳಗೆ ಹೋದರೆ ಎಲ್ಲಿ ನೋಡಿದರೂ ನಾಲಿಗೆ. ಟೀ ಶರ್ಟ್ ಮೇಲೆ, ಟೋಪಿ ಮೇಲೆ, ಮಕ್ಕಳ ಅಂಗಿ ಮೇಲೆ, ಕೆಂಪು ತುಟಿಯಿಂದ ಹೊರಗೆ ಚಾಚಿದ ಅದೇ ನಾಲಿಗೆ. ಮಾವ ನಿಂತು ನೋಡಿದರು.

“ಇದು ಕಾಳಿಯ ನಾಲಿಗೆ ಅಲ್ವೇ?”

ನನಗೆ ಆಶ್ಚರ್ಯ ಆಯಿತು. ಯಾಕಂದ್ರೆ ಅದು ನಿಜ. 1970ರಲ್ಲಿ ಜಾಗರ್ ಜಾನ್ ಪಾಶ್ ಅನ್ನೋ ಕಲಾ ವಿದ್ಯಾರ್ಥಿಗೆ ಕಾಳಿಯ ಚಿತ್ರವನ್ನೇ ತೋರಿಸಿದ್ದ. ಹುಡುಗ ಅದರಿಂದ ಸ್ಫೂರ್ತಿ ಪಡೆದು ಈ ಲಾಂಛನ ಬರೆದ. ಸಿಕ್ಕಿದ್ದು 50 ಪೌಂಡ್. ಆಮೇಲೆ ಇನ್ನೂರು ಸೇರಿಸಿ ಕೊಟ್ಟರಂತೆ. ಇದನ್ನೆಲ್ಲ ಹೇಳಿದೆ. ಮಾವ ಅಂಗಡಿಯ ದರಪಟ್ಟಿ ಓದಿದರು. ಬ್ಯಾಂಕಿನವರ ಮುಖ ಬಂತು. “ಆ ಹುಡುಗ ಪರ್ಸೆಂಟೇಜ್ ಕೇಳಬೇಕಿತ್ತು.”

ನಾವು ನಿಂತದ್ದು ಸಾಕಷ್ಟು ಹಿಂದೆ. ಮುಂದೆ ನಿಲ್ಲೋಕೆ ಬೇರೆ ದರ, ಅದಕ್ಕೂ ಮುಂದೆ ಇನ್ನೂ ಬೇರೆ ದರ. ದೇವಸ್ಥಾನದ ವಿಶೇಷ ದರ್ಶನದ ಸಾಲು ಇದ್ದ ಹಾಗೆ. ನಮ್ಮದು ಧರ್ಮದರ್ಶನ. ಆದರೆ ಧರ್ಮಕ್ಕೆ ಬಂದಿದ್ದಲ್ಲ, ಅಷ್ಟೇ. ನಮ್ಮ ಮುಂದೆ ಸ್ವಿಟ್ಜರ್ಲೆಂಡಿನ ದಂಪತಿ, ಬರ್ನ್‌ನಲ್ಲಿ ರದ್ದಾದ ಟಿಕೆಟಿನ ದುಃಖಕ್ಕೆ ಇಲ್ಲಿಗೆ ಬಂದವರು. ಗಂಡ ಆರೂವರೆ ಅಡಿ. ವೇದಿಕೆ ಎಲ್ಲಿದೆ ಅಂತ ನನಗೆ ಅವನ ಭುಜದ ಮೇಲೆ ಕಂಡ ಹೊಗೆಯಿಂದ ಗೊತ್ತಾಗುತ್ತಿತ್ತು.

ಸುತ್ತ ನೋಡಿದೆ. ಬೋಳು ತಲೆ, ಬಿಳಿ ಜಡೆ, ಮಂಡಿಗೆ ಪಟ್ಟಿ, ಕೈಯಲ್ಲಿ ಊರುಗೋಲು. ಅರವತ್ತು ವರ್ಷದಲ್ಲಿ ತಂಡದವರಿಗೆ ವಯಸ್ಸಾಗುವುದಿರಲಿ, ಅದರ ಎರಡರಷ್ಟು ಕೇಳುಗರಿಗೆ ಆಗಿದೆ. ಇದಕ್ಕೆ ಪುರಾವೆ ಗಂಡಸರ ಶೌಚಾಲಯದ ಸಾಲು. ಹೆಂಗಸರ ಸಾಲಿಗಿಂತ ಉದ್ದ! ಜೀವನದಲ್ಲಿ ನಾನು ಇಂಥದ್ದು ನೋಡಿಲ್ಲ. ಸಾಲು ಮುಂದಕ್ಕೆ ಹೋಗೋದೇ ಇಲ್ಲ. ಒಳಗೆ ಹೋದವರು ಪಾಪ ನಿಧಾನ. ಹೊರಗೆ ಬಂದವರು ಒಂದು ಸುತ್ತು ಹಾಕಿ ಮತ್ತೆ ಹಿಂದೆ ಬಂದು ನಿಲ್ಲುತ್ತಾರೆ.

ಆ ಸಾಲಿನಲ್ಲೇ ಮಾವನಿಗೆ ಒಬ್ಬರು ಇಂಗ್ಲಿಷ್ ಅಜ್ಜನ ಪರಿಚಯ ಆಯಿತು. ಅಜ್ಜ 1969ರ ಜುಲೈ 5ಕ್ಕೆ ಇದೇ ಹೈಡ್ ಪಾರ್ಕಿಗೆ ಬಂದಿದ್ದವರು. ಅವತ್ತು ಸ್ಟೋನ್ಸ್ ಪುಕ್ಕಟೆ ಹಾಡಿದ್ದರು. ತಂಡ ಕಟ್ಟಿದ ಬ್ರಯನ್ ಜೋನ್ಸ್ ಅದಕ್ಕೆ ಎರಡು ದಿನ ಮುಂಚೆ ತೀರಿಹೋಗಿದ್ದ. ಅವನ ನೆನಪಿಗೆ ಜಾಗರ್ ಕವಿತೆ ಓದಿದ, ಆಮೇಲೆ ಪೆಟ್ಟಿಗೆಯಿಂದ ಸಾವಿರಾರು ಬಿಳಿ ಚಿಟ್ಟೆ ಬಿಟ್ಟರು. ಬಿಸಿಲಿಗೆ ಪೆಟ್ಟಿಗೆಯಲ್ಲೇ ಎಷ್ಟೋ ಸತ್ತಿದ್ದವು. ಹಾರಬೇಕಾದವು ಜನರ ಮೇಲೆ ಉದುರಿದವು. ಅಜ್ಜ ತಮ್ಮ ಹೆಗಲಿನಿಂದ ಒಂದನ್ನು ಕೊಡವಿ ತೋರಿಸಿದರು, ಈಗಲೂ ಅಲ್ಲೇ ಇದೆ ಅನ್ನೋ ಥರ. ಮಾವ ಎಲ್ಲ ಕೇಳಿ ಕೊನೆಗೆ ಕೇಳಿದ್ದು, “ಪೂರ್ತಿ ಫ್ರೀನಾ?”

ಎಂಟರ ಮೇಲೆ ಆಯಿತು. ಇನ್ನೂ ಹಗಲು. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗೋದು ಒಂಬತ್ತು ಇಪ್ಪತ್ತಕ್ಕೆ. ಸಂಧ್ಯಾವಂದನೆ ಬಾಕಿ ಇದೆ ಅಂತ ಮಾವ ಗಡಿಯಾರ ನೋಡುತ್ತಲೇ ಇದ್ದರು. ಮೊದಲು ದೊಡ್ಡ ಪರದೆಗಳ ಮೇಲೆ ಚಾರ್ಲಿ ವಾಟ್ಸ್ ಬಂದ. 1963ರಿಂದ ತಂಡದ ಡ್ರಮ್ ಬಾರಿಸಿದವನು. ಜನ ಚಪ್ಪಾಳೆ ಹೊಡೆದರು, ಕೆಲವರು ಕಣ್ಣೊರೆಸಿಕೊಂಡರು.

“ಯಾವಾಗ ಹೋದದ್ದು?”

“ಹೋದ ವರ್ಷ ಆಗಸ್ಟ್ 24ಕ್ಕೆ. ಎಂಬತ್ತು ವರ್ಷ.”

“ವರ್ಷಾಬ್ದಿಕಕ್ಕೆ ಇನ್ನೂ ಎರಡು ತಿಂಗಳಿದೆಯಲ್ರೀ! ಆಗಲೇ ಷಷ್ಟ್ಯಬ್ದಿ ಇಟ್ಟುಕೊಂಡರಾ?”

ಒಂದು ತಿಂಗಳಿಗೇ ಅಮೆರಿಕದಲ್ಲಿ ಮತ್ತೆ ಶುರು ಮಾಡಿದ್ದರು ಅಂತ ನಾನು ಹೇಳಲಿಲ್ಲ. ಚಾರ್ಲಿಯ ಜಾಗದಲ್ಲಿ ಸ್ಟೀವ್ ಜೋರ್ಡನ್ ಕೂತಿದ್ದ. ಮೊದಲ ಏಟು ಬಿತ್ತು ನೋಡಿ, ಮಾವ ಎರಡೂ ಕಿವಿ ಮುಚ್ಚಿಕೊಂಡರು. ಅವರ ಕಿವಿ ಮಿಷನ್ ಮುನ್ನೂರು ಅಡಿ ದೂರದ ಡ್ರಮ್ಮನ್ನು ನೇರವಾಗಿ ತಲೆಯೊಳಕ್ಕೆ ತಂದು ಬಿಟ್ಟಿತ್ತು. ಮಿಷನ್ ತೆಗೆದರು. ಮುಖ ಶಾಂತ ಆಯಿತು. “ಈಗ ಚೆನ್ನಾಗಿದೆ. ಎದೆಯಲ್ಲಿ ಕೇಳಿಸ್ತಿದೆ.”

ನನ್ನ ಅಭಿಪ್ರಾಯದಲ್ಲಿ ಆ ಮೈದಾನದಲ್ಲಿ ಸಂಗೀತ ಸರಿಯಾಗಿ ಕೇಳಿಸಿಕೊಂಡವರು ಅವರೊಬ್ಬರೇ. ನಮಗೆಲ್ಲ ಮಾರನೇ ಬೆಳಿಗ್ಗೆವರೆಗೂ ಕಿವಿ ಮುಚ್ಚಿಹೋಗಿತ್ತು.

ಜಾಗರ್ ಓಡಲು ಶುರು ಮಾಡಿದ. ವೇದಿಕೆಯ ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಜನರ ಮಧ್ಯಕ್ಕೆ ಚಾಚಿದ ಹಾದಿಗೆ. ನನಗೆ ಕೂರೋಕೆ ಜಾಗ ಬೇಕಿತ್ತು. ಸ್ವೆಟರ್ ಹಾಸಿ ಮಾವನನ್ನು ಕೂರಿಸೋಕೆ ನೋಡಿದೆ. ಅವರು ಕೂರಲಿಲ್ಲ, ನಾನೇ ಕೂತೆ. ಈ ಮನುಷ್ಯನಿಗೆ 2019ರ ಏಪ್ರಿಲ್‌ನಲ್ಲಿ ಹೃದಯದ ಕವಾಟ ಬದಲಿಸಿದ್ದಾರೆ, ಜೂನ್‌ಗೆ ಶಿಕಾಗೋದಲ್ಲಿ ಹಾಡಿದ್ದ ಅಂತ ಕೂಗಿ ಹೇಳಿದೆ. ಮಿಷನ್ ಇಲ್ಲದ ಕಿವಿಗೆ ಮೂರು ಸಲ ಹೇಳಬೇಕಾಯಿತು. ಸ್ವಿಸ್ ದಂಪತಿಗೂ ವಿಷಯ ಕನ್ನಡದಲ್ಲಿ ಬಾಯಿಪಾಠ ಆಗಿರಬೇಕು. ಮಾವನಿಗೆ ಒಂದು ಸ್ಟೆಂಟ್ ಇದೆ. ಆರು ತಿಂಗಳು ಮೆಟ್ಟಿಲು ಹತ್ತಬೇಡಿ ಅಂದಿದ್ದರು ಡಾಕ್ಟರು. “ಇವನ ಡಾಕ್ಟರು ಯಾರು ಕೇಳಿ.”

ಗಿಟಾರ್ ಹಿಡಿದ ಕೀತ್ ರಿಚರ್ಡ್ಸ್ 2006ರಲ್ಲಿ ಫಿಜಿಯಲ್ಲಿ ಮರದಿಂದ ಬಿದ್ದ ಕಥೆಯನ್ನೂ ಹೇಳಿದೆ. ಆಗ ಅವನಿಗೆ ಅರವತ್ತೆರಡು. ತಲೆಗೆ ಪೆಟ್ಟಾಗಿ ನ್ಯೂಜಿಲೆಂಡಿನಲ್ಲಿ ಆಪರೇಷನ್, ಯುರೋಪಿನ ಕಾರ್ಯಕ್ರಮಗಳೆಲ್ಲ ಮುಂದಕ್ಕೆ. ಮಾವ ಅವತ್ತಿನಿಂದ ಕೀತ್ ಪಕ್ಷ. ಅವರೂ ಅರವತ್ತೈದರಲ್ಲಿ ಹಲಸಿನ ಮರ ಹತ್ತಿ ಬೈಸಿಕೊಂಡವರು.

ಹತ್ತೂವರೆಗೆ ಹೈಡ್ ಪಾರ್ಕಿನಲ್ಲಿ ಸದ್ದು ನಿಲ್ಲಲೇಬೇಕು. ಸುತ್ತ ಇರೋರು ದೊಡ್ಡ ಮನೆಯವರು, ಅವರಿಗೆ ನಿದ್ದೆ ಬೇಕು. 2012ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಪಾಲ್ ಮ್ಯಾಕಾರ್ಟ್ನಿಯಂಥ ದೊಡ್ಡ ಹಾಡುಗಾರರಿಬ್ಬರೂ ಒಟ್ಟಿಗೆ ವೇದಿಕೆ ಮೇಲಿದ್ದಾಗಲೇ ಮೈಕ್ ಬಂದ್ ಮಾಡಿದ್ದರು. ನಮ್ಮ ಕಡೆ ಗಣೇಶನ ಆರ್ಕೆಸ್ಟ್ರಾ ನಿಲ್ಲಿಸೋಕೆ ಪೊಲೀಸರು ಬಂದಾಗ ಆಗುವ ಗಲಾಟೆ ನೆನೆಸಿಕೊಂಡೆ. ಸ್ಟೋನ್ಸ್ ಅನುಭವಸ್ಥರು, ಟೈಮಿಗೆ ಮುಗಿಸಿದರು.

ಈಗ ಕಿವಿ ಮಿಷನ್ ಇಲ್ಲ.

ಮಾವನ ಜೇಬು ನೋಡಿದೆವು. ಚೀಲ ಸುರಿದೆವು. ಕೋಡುಬಳೆ ಡಬ್ಬಿ, ಪಂಚಾಂಗದ ಪುಟಗಳ ಮಧ್ಯೆ, ಎಲ್ಲೂ ಇಲ್ಲ. ನಾವಿಬ್ಬರೂ ಹುಲ್ಲಿನ ಮೇಲೆ ಮಂಡಿಯೂರಿ ಕೂತೆವು. ಸ್ವಿಸ್ ಗಂಡ ಮೊಬೈಲ್ ಟಾರ್ಚ್ ಹಾಕಿದ, ಅವನ ಹೆಂಡತಿಯೂ ಹಾಕಿದಳು. ಅದನ್ನು ನೋಡಿ ಇನ್ನೂ ಹತ್ತು ಜನ ಹಾಕಿದರು. ಒಬ್ಬಳು ಹುಡುಗಿ ಮೊಬೈಲ್ ಮೇಲೆತ್ತಿ ತೂಗಾಡಿಸೋಕೂ ಶುರು ಮಾಡಿದಳು, ಇನ್ನೊಂದು ಹಾಡು ಇದೆ ಅಂದುಕೊಂಡಿರಬೇಕು. ಬಿಯರ್ ಕಪ್, ಒಂದು ಹಲ್ಲಿನ ಸೆಟ್‌ನ ಡಬ್ಬಿ, ಯಾರದೋ ಮನೆ ಕೀಲಿ ಸಿಕ್ಕಿತು. ಮಿಷನ್ ಸಿಗಲಿಲ್ಲ. ಕಾವಲಿನವರು ಬಂದು ಎಬ್ಬಿಸಿದರು.

ಟ್ಯೂಬ್ ಸ್ಟೇಷನ್ ಮುಂದೆ ಜನಸಾಗರ. ನನ್ನ ಕಿವಿಯಲ್ಲಿ ಒಂದೇ ಸಮ ‘ಕುಂಯ್’ ಅಂತ ಸದ್ದು. ಇದು ಗಿಟಾರ್ ಮಾಡಿದ ಕೆಲಸ, ಕಿವಿ ಹೋಯಿತು ಅಂತ ಹೆದರಿದೆ. ರೈಲಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಇನ್ನೂ ಜೋರಾಯಿತು. ಬಗ್ಗಿದರೆ ಜಾಸ್ತಿ, ನೆಟ್ಟಗೆ ನಿಂತರೆ ಕಡಿಮೆ. ಆಗ ಪಕ್ಕದ ಸೀಟಿನ ಮಗುವೊಂದು ನನ್ನ ಜೇಬು ತೋರಿಸಿ ನಕ್ಕಿತು. ಮಾವ ಚಳಿ ಇಲ್ಲ ಅಂತ ಮಂಕಿ ಕ್ಯಾಪ್ ತೆಗೆದು ನನ್ನ ಜೇಬಿಗೆ ತುರುಕಿದ್ದರು. ಅದರ ಮಡಿಕೆಯೊಳಗೆ, ಆಫ್ ಮಾಡದೆ ಬಿಟ್ಟ ಮಿಷನ್ ಎರಡು ಗಂಟೆಯಿಂದ ಶಿಳ್ಳೆ ಹೊಡೆಯುತ್ತಿತ್ತು.

ಮಿಷನ್ ಹಾಕಿಕೊಂಡ ಮಾವ ಹೌನ್ಸ್ಲೋ ತನಕ ಪ್ರಶ್ನೆ ಕೇಳಿದರು. ಇವರು ಇಂಡಿಯಾಗೆ ಬಂದಿದ್ದರಾ? ಬಂದಿದ್ದರು ಅಂದೆ. ನಲವತ್ತು ವರ್ಷ ತುಂಬಿದಾಗಿನ ಪ್ರವಾಸದಲ್ಲಿ, 2003ರ ಏಪ್ರಿಲ್ 4ಕ್ಕೆ, ಬೆಂಗಳೂರಿನ ಅರಮನೆ ಮೈದಾನದಲ್ಲೇ ಹಾಡಿದ್ದರು.

ಮಾವ ನನ್ನ ಮುಖ ನೋಡಿದರು. “ಅಲ್ರೀ, ಆಗಲೇ ಹೇಳಬಾರದಿತ್ತೇ? ಮುಗಿಸಿಕೊಂಡು ಮೇಖ್ರಿ ಸರ್ಕಲ್‌ಗೆ ನಡೆದಿದ್ದರೆ ಆಟೋ ಸಿಗ್ತಿತ್ತು. ಬೆಳಗಿನ ಜಾವದ ಬಸ್ಸಿಗೆ ಹಾಸನ ಸೇರಬಹುದಿತ್ತು. ಫ್ಲಾಸ್ಕೂ ಉಳೀತಿತ್ತು.” ಆಗಿನ್ನೂ ನಾನು ಅವರ ಅಳಿಯ ಆಗಿರಲಿಲ್ಲ. ಅದು ಅವರಿಗೆ ದೊಡ್ಡ ವಿಷಯ ಅನ್ನಿಸಲಿಲ್ಲ.

2024ರಲ್ಲಿ ಸ್ಟೋನ್ಸ್ ಮತ್ತೆ ಅಮೆರಿಕ ಸುತ್ತಿದರು. ಪ್ರಾಯೋಜಕರು ಯಾರು ಗೊತ್ತಾ? ಎಎಆರ್‌ಪಿ, ಅಂದರೆ ಅಲ್ಲಿನ ಐವತ್ತು ದಾಟಿದವರ, ನಿವೃತ್ತರ ದೊಡ್ಡ ಸಂಘ. ಮಾವನಿಗೆ ಫೋನಿನಲ್ಲಿ ಹೇಳಿದೆ. ತಮಾಷೆಗೆ ಹೇಳಿದ್ದು. ಅವರು ತಮ್ಮ ನಿವೃತ್ತ ನೌಕರರ ಸಂಘದ ಮುಂದಿನ ಸಭೆಯಲ್ಲೇ ವಿಷಯ ಎತ್ತಿದರಂತೆ. ಹೇಗೂ ವಾರ್ಷಿಕೋತ್ಸವ ಹತ್ತಿರ ಬರ್ತಿದೆ, ನಮ್ಮ ಕಡೆಯಿಂದಲೂ ಒಂದು ಪತ್ರ ಬರೆದರೆ ತಪ್ಪೇನು, ಹುಡುಗರು ಚೆನ್ನಾಗಿ ಮಾಡ್ತಾರೆ ಅಂತ. ಅಧ್ಯಕ್ಷರು ತಲೆಯಾಡಿಸಿದರಂತೆ. ಖಜಾಂಚಿ ಮಾತ್ರ ಪೆನ್ನು ತೆಗೆದು ಕೇಳಿದರಂತೆ, “ತಂಡದವರು ಒಟ್ಟು ಎಷ್ಟು ಜನ? ಊಟಕ್ಕೆ ಹೇಳಬೇಕಲ್ಲ.”