ಬರಹಕ್ಕೊಂದು ಸ್ವಂತ ವಿಳಾಸ, ವಿಳಾಸದಿಂದ ವಿಳಾಸಕ್ಕೆ ದಾರಿ

ಈ ಬರಹ ಮೊದಲು ನನ್ನ ಸ್ವಂತ ವೆಬ್‌ಸೈಟಿನಲ್ಲಿ ಬಂದಿದೆ, ಇಲ್ಲಿ ಫೇಸ್‌ಬುಕ್‌ನಲ್ಲಿ ಹಾಕಿರುವುದು ಅದರ ನಕಲು. ಇಟಗಿ, ಕುಕನೂರು, ಆನೆಗೊಂದಿ ಸುತ್ತಮುತ್ತಲಿನ ಶಾಸನ, ವೀರಗಲ್ಲು, ಹಳೇ ಬಾವಿಗಳ ಬಗ್ಗೆ ನಾನು ಬರೆಯುವುದೆಲ್ಲ ಇನ್ನು ಹೀಗೇ: ಮೊದಲು ಅಲ್ಲಿ, ಆಮೇಲೆ ಇಲ್ಲಿ. "ಎಲ್ಲಾರೂ ಇಲ್ಲೇ ಅದಾರ, ನೀವ್ಯಾಕ್ರೀ ಸರ್ ಬ್ಯಾರೆ ಕಡೆ ಹೊಂಟೀರಿ?" ಅಂತ ಕೊಪ್ಪಳದ ಗೆಳೆಯರು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿದ್ದನ್ನು ಎಲ್ಲರಿಗೂ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಬಿಡುವು ಮಾಡಿಕೊಂಡು ಓದಿ.

ಮೊದಲನೆಯ ಕಾರಣ, ಇಲ್ಲಿ ಬರೆದದ್ದು ಬೇಕಾದಾಗ ಸಿಗುವುದಿಲ್ಲ. ಮೊನ್ನೆ ಯಲಬುರ್ಗಾ ಕಡೆಯ ಒಬ್ಬ ಬಿ.ಎಡ್. ವಿದ್ಯಾರ್ಥಿನಿ ಫೋನ್ ಮಾಡಿದ್ದಳು. "ಸರ್, ಇಟಗಿ ಗುಡಿ ಬಗ್ಗೆ ಬರ್ದಿದ್ರಲ್ರೀ, ಅದು ಎಲ್ಲೈತ್ರೀ? ಎಷ್ಟ್ ಹುಡಿಕಿದ್ರೂ ಸಿಗವಲ್ದು." ಅವಳಿಗೆ ಬೇಕಾಗಿದ್ದದ್ದು ಸಣ್ಣ ವಿಷಯ. ಆ ಮಹಾದೇವ ಗುಡಿಯನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದದ್ದು. ನಾನೇ ನನ್ನ ಗೋಡೆಯನ್ನು ಕೆಳಗೆ ಕೆಳಗೆ ಉರುಳಿಸುತ್ತ ಹೋದೆ. ಹಬ್ಬದ ಶುಭಾಶಯ, ಮದುವೆ ಫೋಟೊ, ಯಾರದೋ ಹುಟ್ಟುಹಬ್ಬ ಎಲ್ಲ ಬಂತು, ಇಟಗಿ ಬರಲಿಲ್ಲ. ಹೊರಗಿನ ಹುಡುಕುಯಂತ್ರಕ್ಕೆ ಇಲ್ಲಿನ ಬರಹ ಬಹುಪಾಲು ಕಾಣುವುದಿಲ್ಲ. ಒಳಗಿನ ಹುಡುಕಾಟ ಕನ್ನಡದ ಮಟ್ಟಿಗೆ ನೆಚ್ಚುವಂಥದ್ದಲ್ಲ. ಊರೂರು ತಿರುಗಿ, ಕಲ್ಲಿನ ಮೇಲೆ ನೀರು ಹಾಕಿ ಅಕ್ಷರ ಓದಿ, ಹಿರಿಯರನ್ನು ಕೇಳಿ ಬರೆದದ್ದು ಎರಡು ದಿನ ಓಡಾಡಿ ಮೂರನೇ ದಿನಕ್ಕೆ ತಳ ಸೇರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗಳ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಮಾಹಿತಿ ಇಂಟರ್ನೆಟ್ಟಿನಲ್ಲಿ ಇಲ್ಲ ಎನ್ನುತ್ತಾರಲ್ಲ, ಅದು ಇದೆ. ಇಂಥ ಗೋಡೆಗಳ ತಳದಲ್ಲಿ ಹೂತುಹೋಗಿದೆ.

ಎರಡನೆಯದು ಇನ್ನೂ ದೊಡ್ಡದು. ಈ ಜಾಗಗಳೇ ಒಂದು ದಿನ ಮುಚ್ಚುತ್ತವೆ. ಜನ ಪುಕ್ಕಟೆ ವೆಬ್ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ನಮ್ಮಲ್ಲಿ ಬಹಳ ಜನ ಮೊದಲ ಸಲ ಕನ್ನಡ ಟೈಪ್ ಮಾಡಿದ್ದೇ ಆರ್ಕುಟ್‌ನಲ್ಲಿ, ಅದು 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋಯಿತು. ಜನ ಹಾಡು ಹಂಚಿಕೊಳ್ಳುತ್ತಿದ್ದ ಮೈಸ್ಪೇಸ್ ಮುಚ್ಚಲಿಲ್ಲ, ಆದರೆ ಸರ್ವರ್ ಬದಲಿಸುವಾಗ ಹನ್ನೆರಡು ವರ್ಷಗಳ ಹಾಡುಗಳು ಕಳೆದುಹೋದವು ಎಂದು 2019ರಲ್ಲಿ ತಾನೇ ಒಪ್ಪಿಕೊಂಡಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ನಮ್ಮ ಕಡೆಯ ಹುಡುಗರು ಹಾಡಿ ಹಾಕಿದ್ದ ಡೊಳ್ಳಿನ ಪದಗಳೂ ಅದರ ಜೊತೆ ಹೋದವು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆ ಪದಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ ಎನ್ನುವುದು ನನ್ನ ಸಂಕಟ.

ಶಾಸನದ ಕೆಲಸ ಮಾಡುವವನಿಗೆ ಇದಕ್ಕೆ ಉತ್ತರ ಕಾಲಬುಡದಲ್ಲೇ ಇದೆ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕನ ಹೆಸರಿದೆ, ಅದರಿಂದಲೇ ಬೇರೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ಬಿರುದಿನ ರಾಜ ಅಶೋಕನೇ ಎಂಬುದು ಗಟ್ಟಿಯಾಯಿತು. ಹೆಚ್ಚುಕಡಿಮೆ ಅದೇ ಒಕ್ಕಣೆ ಕೊಪ್ಪಳದ ಗವಿಮಠದ ಬಂಡೆಯ ಮೇಲಿದೆ, ಪಾಲ್ಕಿಗುಂಡಿನಲ್ಲಿದೆ, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲೂ ಇದೆ. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ಒಂದು ಕಡೆ ಅಳಿಸಿದ ಸಾಲನ್ನು ವಿದ್ವಾಂಸರು ಇನ್ನೊಂದು ಕಡೆಯದನ್ನು ಇಟ್ಟುಕೊಂಡು ತುಂಬಿಸಿ ಓದಿದರು. ನಮ್ಮ ಬರಹವೂ ಹೀಗೆ ನಾಲ್ಕು ಕಡೆ ಇರಬೇಕು, ಅದರಲ್ಲಿ ಒಂದು ನಮ್ಮ ಸ್ವಂತ ಕಲ್ಲಿನ ಮೇಲಿರಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2011ರಲ್ಲಿ ಸೇರಿದ ಇಂಡೀವೆಬ್ ಬಳಗದವರು ಹೇಳುತ್ತ ಬಂದಿರುವುದೂ ಇದನ್ನೇ. ಮೊದಲು ಸ್ವಂತ ತಾಣದಲ್ಲಿ ಪ್ರಕಟಿಸಿ, ಆಮೇಲೆ ಜನ ಇರುವಲ್ಲಿ ಅದರ ನಕಲು ಹಾಕಿ, ನಕಲಿನ ಕೆಳಗೆ ಮೂಲದ ಲಿಂಕ್ ಕೊಡಿ. ಫೇಸ್‌ಬುಕ್ ಬಿಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ನೀವೆಲ್ಲ ಇರುವುದು ಇಲ್ಲೇ, ನಾನೂ ಇಲ್ಲೇ ಇರುತ್ತೇನೆ.

ಈಗ ಕೆಲಸದ ಮಾತು. ವೆಬ್‌ಸೈಟ್ ಅಂದಕೂಡಲೇ ಜನ ಬೆಂಗಳೂರಿನ ಕಂಪನಿ, ದೊಡ್ಡ ಬಿಲ್ಲು ನೆನಸಿಕೊಂಡು ಹೆದರುತ್ತಾರೆ. ಬೇಕಾದದ್ದು ಎರಡೇ: ಒಂದು ಹೆಸರು, ಒಂದು ಜಾಗ. ಹೆಸರು ಅಂದರೆ ಡೊಮೈನ್. 'ಡಾಟ್ ಇನ್' ಹೆಸರು ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಮೊದಲ ವರ್ಷ ಅಗ್ಗ ಮಾಡಿ ಎರಡನೇ ವರ್ಷ ದರ ಏರಿಸುವವರಿದ್ದಾರೆ, ನವೀಕರಣದ ದರ ನೋಡಿಯೇ ಕೊಳ್ಳಿ. ಹೆಸರು ನಿಮ್ಮ ಸ್ವಂತ ಖಾತೆಯಲ್ಲೇ ನೋಂದಣಿ ಆಗಲಿ. ಮಾಡಿಕೊಡುವ ಹುಡುಗ ಎಷ್ಟೇ ಒಳ್ಳೆಯವನಿರಲಿ, ಅವನ ಖಾತೆಯಲ್ಲಿ ಬೇಡ. ಜಾಗಕ್ಕೆ ದುಡ್ಡೇ ಬೇಡ: ಗಿಟ್‌ಹಬ್ ಪೇಜಸ್‌ನಲ್ಲಿ 1 ಜಿಬಿ ತನಕ ಉಚಿತ. ಓದುವವರ ಸಂಪರ್ಕ ಸುರಕ್ಷಿತವಾಗಿರಲು ಬೇಕಾದ ಪ್ರಮಾಣಪತ್ರ 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಪುಕ್ಕಟೆ ಸಿಗುತ್ತಿದೆ. ಜಾಗ ಕೊಟ್ಟವರು ನಾಳೆ ಅಂಗಡಿ ಮುಚ್ಚಿದರೂ ಚಿಂತೆಯಿಲ್ಲ. ಫೈಲುಗಳ ಪ್ರತಿ ನಿಮ್ಮ ಹತ್ತಿರ ಇರುತ್ತದೆ, ಡೊಮೈನನ್ನು ಬೇರೆ ಜಾಗದ ಕಡೆ ತಿರುಗಿಸಿದರೆ ಆಯಿತು. ಓದುವವರಿಗೆ ವಿಳಾಸ ಅದೇ.

ಇದೆಲ್ಲ ಯಾರ ಅಪ್ಪಣೆಯನ್ನೂ ಕೇಳದೆ ಸಾಧ್ಯವಾಗಿರುವುದಕ್ಕೆ ಒಂದು ಹಿನ್ನೆಲೆ ಇದೆ. ಟಿಮ್ ಬರ್ನರ್ಸ್-ಲೀ ಕಟ್ಟಿದ ವೆಬ್ಬನ್ನು ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆ 1993ರ ಏಪ್ರಿಲ್ 30ರಂದು ಎಲ್ಲರಿಗೂ ಬಿಟ್ಟುಕೊಟ್ಟಿತು, ರಾಯಧನವಿಲ್ಲದೆ. ಗಂಗಾವತಿಯ ಒಬ್ಬ ಹುಡುಗಿ ಒಂದು ಪುಟ ಬರೆದು ಏರಿಸಿದರೆ ಅದಕ್ಕೂ ದೊಡ್ಡ ಪತ್ರಿಕೆಯ ಪುಟಕ್ಕೂ ಬ್ರೌಸರ್ ಭೇದ ಮಾಡುವುದಿಲ್ಲ. ನನಗೆ ಇದು ಇವತ್ತಿಗೂ ಬೆರಗಿನ ಸಂಗತಿ.

ನನ್ನ ಮೊದಲ ಪುಟ ಕಟ್ಟಿದ್ದು ಸೋದರಳಿಯನ ಜೊತೆ ಕೂತು. ಒಂದು ನೋಟ್‌ಪ್ಯಾಡ್ ಫೈಲು, ಅದರಲ್ಲಿ ತಲೆಬರಹಕ್ಕೊಂದು ಗುರುತು, ಪ್ಯಾರಾಕ್ಕೊಂದು ಗುರುತು, ಲಿಂಕಿಗೊಂದು ಗುರುತು. ಎಚ್‌ಟಿಎಂಎಲ್ ಅಂದರೆ ಇಷ್ಟೇ, ಒಂದು ಸಂಜೆಯಲ್ಲಿ ಕೈಗೆ ಹತ್ತುತ್ತದೆ. ಆದರೆ ಕನ್ನಡಕ್ಕೇ ಬೇಕಾದ ಕೆಲವು ಸಂಗತಿಗಳನ್ನು ಇಂಗ್ಲಿಷ್ ಪಾಠಗಳು ಹೇಳಿಕೊಡುವುದಿಲ್ಲ, ಅವನ್ನು ಬಿಡಿಸಿ ಹೇಳುತ್ತೇನೆ.

ಮೇಲ್ಗಡೆ ಯುಟಿಎಫ್-8 (ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ಪದ್ಧತಿ) ಎಂದು ತಿಳಿಸುವ ಒಂದು ಸಾಲು ಇರಲೇಬೇಕು, ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರಬಹುದು. ಪುಟದ ಭಾಷೆ ಕನ್ನಡ ಎಂದು ಹೇಳುವ 'ಕೆಎನ್' ಗುರುತು ಹಾಕಿ, ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶ ಅದನ್ನು ನೋಡಿ ಕನ್ನಡದ ದನಿಗೆ ಬದಲಾಗುತ್ತದೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಹೆಚ್ಚು ಕೊಡಿ, ಅಕ್ಷರದ ಅಳತೆಯ 1.7 ಪಟ್ಟಾದರೂ ಇರಲಿ. ನಮ್ಮ ಒತ್ತಕ್ಷರಗಳು ಕೆಳಗಿಳಿಯುತ್ತವೆ. ಅಂತರ ಸಾಲದಿದ್ದರೆ 'ಸಾಮ್ರಾಜ್ಯ' ಎಂಬುದರ ಒತ್ತುಗಳು ಕೆಳಸಾಲಿನ ಗುಡಿಸಿಗೆ ಹೋಗಿ ತಾಗುತ್ತವೆ, ವಯಸ್ಸಾದವರು ಎರಡನೇ ಪ್ಯಾರಾಕ್ಕೇ ಫೋನ್ ಕೆಳಗಿಡುತ್ತಾರೆ. ಚಂದದ ಅಕ್ಷರ ಬೇಕಿದ್ದರೆ ನೋಟೊ ಸೆರಿಫ್ ಕನ್ನಡ, ನವಿಲು, ಗುಬ್ಬಿ ಎಲ್ಲವೂ ಮುಕ್ತವಾಗಿ ಸಿಗುತ್ತವೆ.

ವಿಳಾಸದಲ್ಲಿ ಮಾತ್ರ ನಾನು ರೋಮನ್ ಅಕ್ಷರ ಬಳಸುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟ್. ಲಿಂಕ್ ನಕಲು ಮಾಡಿದಾಗ ಪ್ರತಿ ಬೈಟೂ ಶೇಕಡಾ ಗುರುತಿನ ಜೊತೆ ಮೂರು ಅಕ್ಷರವಾಗಿ ಒಡೆಯುತ್ತದೆ. 'ಇಟಗಿ' ಎಂಬ ಪುಟ್ಟ ಹೆಸರು ವಾಟ್ಸ್ಆ್ಯಪ್‌ನಲ್ಲಿ 36 ಅಕ್ಷರದ ಸರಪಳಿಯಾಗಿ ಬಿದ್ದರೆ ನೋಡಿದವರು ವೈರಸ್ ಲಿಂಕ್ ಅಂದುಕೊಳ್ಳುತ್ತಾರೆ. 'ಡಾಟ್ ಭಾರತ' ಎಂದು ಕನ್ನಡ ಲಿಪಿಯಲ್ಲೇ ಡೊಮೈನ್ ಕೊಳ್ಳುವ ಅವಕಾಶ ಇದೆ, ಅದು ಬಳಕೆಗೆ ಬರಬೇಕು ಎಂಬ ಆಸೆ ನನಗೂ ಇದೆ. ಸದ್ಯಕ್ಕೆ ಎಷ್ಟೋ ಕಡೆ ಅರ್ಜಿ ನಮೂನೆಗಳು ಅದನ್ನು ಸ್ವೀಕರಿಸುವುದಿಲ್ಲ.

ಹಿರಿಯ ಲೇಖಕರಿಗೆ ಒಂದು ವಿನಂತಿ. 'ನುಡಿ', 'ಬರಹ' ತಂತ್ರಾಂಶಗಳ ಹಳೇ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟಿರುವ ನಿಮ್ಮ ಫೈಲುಗಳನ್ನು ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡಿಗೆ ಬದಲಿಸಿಕೊಳ್ಳಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ನಿಮ್ಮ ಮಕ್ಕಳು ಮಾಡಿಕೊಡುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅವು ಕನ್ನಡವೇ ಅಲ್ಲ.

ಇಷ್ಟಕ್ಕೆ ಅರ್ಧ ಕೆಲಸ ಮುಗಿದಂತೆ. ಒಂಟಿ ವೆಬ್‌ಸೈಟ್ ಕಟ್ಟಿ ಕೂತರೆ ಯಾರೂ ಬರುವುದಿಲ್ಲ, ಎಷ್ಟೋ ಜನ ಅಲ್ಲೇ ಕೈಬಿಡುತ್ತಾರೆ. ಜೋಡಿಸುವುದೇ ಮುಖ್ಯ, ನಾನು ಈ ಬರಹ ಬರೆದಿರುವುದೂ ಅದಕ್ಕಾಗಿಯೇ.

ಮಾನ್ವಿಯ ನನ್ನ ಗೆಳೆಯರೊಬ್ಬರು ತಮ್ಮ ತಾಣದಲ್ಲಿ ರಾಯಚೂರು ಕೋಟೆಯ ದೊಡ್ಡ ಕಲ್ಲಿನ ಬಗ್ಗೆ ಬರೆದಿದ್ದಾರೆ. ಗೋರೆ ಗನ್ನಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅದರ ಮೇಲಿದೆ, ಕಲ್ಲಿನ ಉದ್ದ ಸುಮಾರು 41 ಅಡಿ. ಅಂಥ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಕಟ್ಟಿ ಎಳೆದು ತರುವ ಚಿತ್ರವನ್ನೂ ಕೋಟೆಯ ಗೋಡೆಯಲ್ಲಿ ಕೆತ್ತಿದ್ದಾರೆ. ದೊಡ್ಡ ಕಲ್ಲು ಸಾಗಿಸುವ ಬಗ್ಗೆ ನಾನು ಬರೆದಾಗ ಅವರ ಪುಟಕ್ಕೆ ಲಿಂಕ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವರ ಬರಹದ ಅಡಿಯಲ್ಲಿ "ಕೊಪ್ಪಳದ ಈ ಪುಟ ನಿಮ್ಮ ಬರಹವನ್ನು ನೆನೆದಿದೆ" ಎಂದು ಬಂತು. ಇದಕ್ಕೆ ವೆಬ್‌ಮೆನ್ಷನ್ ಎನ್ನುತ್ತಾರೆ. 2017ರ ಜನವರಿಯಲ್ಲಿ ವೆಬ್ಬಿನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಇದನ್ನು ಮಾನದಂಡವಾಗಿ ಅಂಗೀಕರಿಸಿತು. ನಡೆಯುವುದು ಹೀಗೆ: ನನ್ನ ಕಡೆಯಿಂದ ಅವರ ತಾಣಕ್ಕೆ ಎರಡು ವಿಳಾಸ ಹೋಗುತ್ತವೆ, ಯಾವ ಪುಟದಿಂದ ಯಾವ ಪುಟಕ್ಕೆ ಲಿಂಕ್ ಎಂದು. ಅವರ ತಾಣ ನನ್ನ ಪುಟಕ್ಕೆ ಬಂದು ಲಿಂಕ್ ನಿಜವಾಗಿಯೂ ಇದೆಯಾ ಎಂದು ನೋಡಿಕೊಂಡ ಮೇಲಷ್ಟೇ ಒಪ್ಪುತ್ತದೆ. ನಡುವೆ ಯಾವ ದೊಡ್ಡ ಕಂಪನಿಯ ಖಾತೆಯೂ ಬೇಕಿಲ್ಲ. ಆ ಸಂಜೆ ಅವರು ಫೋನ್ ಮಾಡಿ, "ಸರ್, ನಿಮ್ಮೂರ ದಾರಿ ನಮ್ಮೂರಿಗೆ ಕೂಡ್ತ್ರೀ" ಅಂದರು. ಅವರ ಆ ಖುಷಿಗೆ ಎಷ್ಟು ಲೈಕೂ ಸಾಟಿಯಲ್ಲ.

ವೆಬ್‌ಮೆನ್ಷನ್ ಜೋಡಿಸಲು ಬರದಿದ್ದರೆ ಲಿಂಕ್ ಕೊಟ್ಟದ್ದನ್ನು ಇಮೇಲಿನಲ್ಲಿ ತಿಳಿಸಿದರೂ ಸಾಕು. ಆದರೆ ಹೊಸ ಬರಹ ಬಂದದ್ದನ್ನು ಓದುಗರಿಗೆ ತಾನಾಗಿ ಮುಟ್ಟಿಸುವ ಆರ್‌ಎಸ್‌ಎಸ್ ಫೀಡ್ ಮಾತ್ರ ದಯವಿಟ್ಟು ಇಡಿ. 1999ರಲ್ಲಿ ಹುಟ್ಟಿದ ಈ ವ್ಯವಸ್ಥೆ ಸತ್ತುಹೋಯಿತು ಎಂದು 2013ರಲ್ಲಿ ಫೀಡುಗಳನ್ನು ಓದಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದಾಗ ಎಲ್ಲರೂ ಬರೆದರು. ಸಾಯಲಿಲ್ಲ, ಪಾಡ್‌ಕಾಸ್ಟುಗಳು ಇವತ್ತಿಗೂ ಅದರ ಮೇಲೇ ನಡೆಯುತ್ತವೆ. ಒಂದು ಫೀಡ್ ರೀಡರ್ ಹಾಕಿಕೊಂಡರೆ ನಿಮಗೆ ಬೇಕಾದ ತಾಣಗಳ ಹೊಸ ಬರಹಗಳೆಲ್ಲ ಬಂದ ಕ್ರಮದಲ್ಲೇ ಒಂದೇ ಕಡೆ ಬರುತ್ತವೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಬೇರೆಯವರು ತೀರ್ಮಾನಿಸುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತೊಂಬತ್ತರ ದಶಕದ ವೆಬ್‌ರಿಂಗ್. ಪ್ರತಿ ತಾಣದ ಅಡಿಯಲ್ಲಿ 'ಹಿಂದಿನ ತಾಣ', 'ಮುಂದಿನ ತಾಣ' ಎಂಬ ಎರಡು ಲಿಂಕ್. ಒತ್ತುತ್ತ ಹೋದರೆ ಸುತ್ತು ಹಾಕಿ ಮೊದಲಿನದಕ್ಕೇ ಬರುತ್ತೀರಿ. ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿಸಿ ಇಂಥದೊಂದು ಬಳೆ ಮಾಡಬೇಕು ಎಂಬುದು ನನ್ನ ಹಂಬಲ. ಕಿನ್ನಾಳದ ಬೊಂಬೆ ಮಾಡುವವರ ಪುಟದಿಂದ ಮುದಗಲ್ ಮೊಹರಂ ಪದಗಳ ಪುಟಕ್ಕೆ, ಅಲ್ಲಿಂದ ಸಿಂಧನೂರಿನ ಭತ್ತದ ರೈತ ಬರೆದ ನೀರಿನ ಲೆಕ್ಕಕ್ಕೆ, ಅಲ್ಲಿಂದ ಬಳ್ಳಾರಿಯ ಜೀನ್ಸ್ ಹೊಲಿಯುವ ಅಕ್ಕನ ದಿನಚರಿಗೆ. ನಡುವೆ ಒಂದು ತಾಣ ನಿಂತರೆ ಬಳೆ ತುಂಡಾಗುತ್ತದೆ ಎಂಬ ದೋಷ ಹಳೆಯ ವೆಬ್‌ರಿಂಗ್‌ಗಳಲ್ಲಿತ್ತು. ತಾಣಗಳ ಪಟ್ಟಿಯನ್ನು ಒಂದೇ ಫೈಲಿನಲ್ಲಿಟ್ಟರೆ ನಿಂತದ್ದನ್ನು ಬಿಟ್ಟು ಮುಂದಿನದಕ್ಕೆ ಹಾಯಿಸಬಹುದು. ಅಳಿಯ ಆ ಫೈಲು ಆಗಲೇ ಬರೆದಿಟ್ಟಿದ್ದಾನೆ.

ಸ್ವಂತ ತಾಣವೂ ಸಾಯುತ್ತದಲ್ಲ ಎಂದು ಕೇಳುವವರಿದ್ದಾರೆ, ಅದು ನಿಜ. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಡೊಮೈನಿನ ಹಣ ಕಟ್ಟಲು ಮರೆತರೆ ಹೆಸರು ಬೇರೆಯವರ ಪಾಲು. ನಾನು ಹೋದ ಮೇಲೆ ಯಾರು ಕಟ್ಟುತ್ತಾರೆ? ಪಾಸ್‌ವರ್ಡ್‌ಗಳನ್ನು ಬರೆದು ಮನೆಯವರ ಕೈಗೆ ಕೊಟ್ಟಿದ್ದೇನೆ. ಪ್ರತಿ ಹೊಸ ಪುಟವನ್ನೂ ವೆಬ್ ಪುಟಗಳ ಪ್ರತಿ ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಒಪ್ಪಿಸುತ್ತೇನೆ, ವಿಳಾಸ ಅಂಟಿಸಿ ಒಂದು ಗುಂಡಿ ಒತ್ತುವಷ್ಟೇ ಕೆಲಸ. ಪಠ್ಯವನ್ನು ಪೆನ್‌ಡ್ರೈವಿಗೂ ಹಾಕಿಡುತ್ತೇನೆ. ಇಷ್ಟುದ್ದದ ಒಂದು ಬರಹ ಒಂದು ಫೋಟೊಗಿಂತ ಕಡಿಮೆ ಜಾಗ ಹಿಡಿಯುತ್ತದೆ, ಒಂದು ಜೀವಮಾನದ ಬರಹ ಕಿಸೆಯಲ್ಲಿ ಹಿಡಿಸುತ್ತದೆ.

ಹಾಗಾಗಿ ಈ ಮೂರು ಜಿಲ್ಲೆಯವರಲ್ಲಿ ಯಾರಿಗಾದರೂ ಸ್ವಂತ ತಾಣ ಇದ್ದರೆ ವಿಳಾಸವನ್ನು ಕೆಳಗೆ ಹಾಕಿ. ಒಂದೇ ಪುಟ ಇದ್ದರೂ ಸರಿ, ಫೀಡ್ ಇಲ್ಲದಿದ್ದರೂ ಸರಿ, ಅಡುಗೆ ಬಗ್ಗೆ ಇದ್ದರೂ ಸರಿ. ಇಲ್ಲದವರು ಕಟ್ಟಿಕೊಳ್ಳುವ ಮನಸ್ಸಿದ್ದರೆ ನನಗೆ ಸಂದೇಶ ಕಳಿಸಿ, ಅಳಿಯನೂ ನಾನೂ ಜೊತೆ ಕೂತು ಮೊದಲ ಪುಟ ಏರಿಸಿಕೊಡುತ್ತೇವೆ. ಡೊಮೈನಿನ ಹಣ ನಿಮ್ಮದು, ಖಾತೆಯೂ ನಿಮ್ಮ ಹೆಸರಿನಲ್ಲೇ. ಐದು ತಾಣ ಆದಕೂಡಲೇ ಬಳೆ ಶುರು ಮಾಡುತ್ತೇವೆ. ಮಾನ್ವಿಯವರದು, ನನ್ನದು ಸೇರಿ ಈಗ ಎರಡಿವೆ.