ಪಿಕ್ ಮಾರಿದವನೇ ನನ್ನ ಸೀಸನ್‌ಗೆ ಗ್ರೇಡ್ ಕೊಟ್ಟ

ನಮ್ಮ ಬಾಸ್ಕೆಟ್‌ಬಾಲ್ ಸಿಮ್ (ಸಿಮ್ಯುಲೇಶನ್) ಲೀಗ್‌ನ ಸೀಸನ್ ವಿಮರ್ಶೆ ಬಂದಿದೆ. ಮೂವತ್ತು ಟೀಮಿಗೂ ಒಂದೊಂದು ಪ್ಯಾರಾ, ಕೊನೆಯಲ್ಲಿ ಒಂದು ಗ್ರೇಡ್. ನನ್ನ ಟೀಮಿಗೆ ಸಿಕ್ಕಿದ್ದು ಡಿ. ರೀಬಿಲ್ಡ್, ಅಂದರೆ ಟೀಮನ್ನು ಮೊದಲಿಂದ ಕಟ್ಟೋದು, ಹೆಸರಿಗಷ್ಟೇ ಇದೆಯಂತೆ. ಯಾವ ಕಡೆ ಹೋಗುತ್ತಿದ್ದೇವೆ ಅನ್ನೋದೇ ಗೊತ್ತಿಲ್ಲವಂತೆ. ಕೈಯಲ್ಲಿ ಒಂದು ಒಳ್ಳೆಯ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಕೂಡ ಇಲ್ಲದೆ ಅದೆಂಥ ರೀಬಿಲ್ಡ್ ಅಂತ ಪ್ರಶ್ನೆ ಬೇರೆ ಕೇಳಿದ್ದಾನೆ.

ಕೇಳಿದವನು ಯಾರು ಗೊತ್ತಾ? ನನಗಿಂತ ಮುಂಚೆ ಇದೇ ಟೀಮನ್ನು ನಡೆಸುತ್ತಿದ್ದವನು. ಆ ಪಿಕ್‌ಗಳನ್ನೆಲ್ಲ ಮಾರಿಕೊಂಡು ಹೋದವನು!

ಸಿಮ್ ಲೀಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮೂವತ್ತು ಜನ, ಮೂವತ್ತು ಟೀಮು. ಎಲ್ಲರೂ ಜನರಲ್ ಮ್ಯಾನೇಜರ್‌ಗಳೇ. ಆಟಗಾರರು ಕಂಪ್ಯೂಟರ್ ಹುಟ್ಟಿಸಿದವರು. ಟ್ರೇಡ್, ಕಾಂಟ್ರಾಕ್ಟ್, ಯಾರಿಗೆ ಎಷ್ಟು ನಿಮಿಷ ಆಟ, ಇದೆಲ್ಲ ನಮ್ಮ ಕೆಲಸ. ನಾವು ಫೈಲ್ ಕಳಿಸುತ್ತೇವೆ, ಲೀಗ್ ನಡೆಸೋ ಕಮಿಷನರ್ ಸಿಮ್ ಓಡಿಸುತ್ತಾನೆ, ಒಂದು ವಾರದ ಪಂದ್ಯಗಳು ಒಂದೇ ಸಲ ಮುಗಿದು ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಅಂಶ) ಬರುತ್ತದೆ. ಹೆಚ್ಚಿನವರು ಅಮೆರಿಕದವರು. ಅಲ್ಲಿನ ಪೂರ್ವ ಕರಾವಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಸಿಮ್ ಓಡಿದರೆ ಇಲ್ಲಿ ಬೆಂಗಳೂರಿನಲ್ಲಿ ಬೆಳಗ್ಗೆ ಆರೂವರೆ. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಏಳೂವರೆ. ಇದರಲ್ಲಿ ಒಂದು ಪೈಸೆ ದುಡ್ಡಿಲ್ಲ. ಮನೆಯಲ್ಲಿ "ಕಂಪ್ಯೂಟರ್ ಆಟ ತಾನೇ, ಸೋತರೆ ಏನಾಯ್ತು?" ಅಂತಾರೆ. ಅವರಿಗೆ ಹೇಗೆ ಹೇಳೋದು? ಸೋತಿದ್ದಕ್ಕೆ ಅಲ್ಲ ಹೊಟ್ಟೆ ಉರೀತಿರೋದು.

ಐಪಿಎಲ್ ನೋಡಿ ಅಭ್ಯಾಸ ಇದ್ದವರಿಗೆ ಡ್ರಾಫ್ಟ್ ಅನ್ನೋದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಂದರೆ ಅವಮಾನ ಒಂದೇ ಲಾಭ. ಅಮೆರಿಕದ ಎನ್‌ಬಿಎನಲ್ಲಿ ಹಾಗಲ್ಲ. ಸೋತ ಟೀಮುಗಳಿಗೆ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಸಿಗುತ್ತದೆ. ಆದರೆ ಯಾರಿಗೆ ಮೊದಲು ಅಂತ ಲಾಟರಿ ಎತ್ತುತ್ತಾರೆ. 2019ರಲ್ಲಿ ಬಂದ ಲೆಕ್ಕದಲ್ಲಿ ಮೊದಲ ನಾಲ್ಕು ಪಿಕ್‌ಗಳಿಗಷ್ಟೇ ಲಾಟರಿ, ಅತಿ ಕೆಟ್ಟ ಮೂರು ಟೀಮುಗಳಿಗೂ ಮೊದಲ ಪಿಕ್ ಸಿಗುವ ಅವಕಾಶ ಒಂದೇ ಸಮ, ಶೇಕಡಾ 14. ಅದಕ್ಕೆ ಮುಂಚೆ ಕಟ್ಟಕಡೆಯ ಟೀಮಿಗೆ ಶೇಕಡಾ 25 ಇತ್ತು. ನಮ್ಮ ಲೀಗ್‌ನಲ್ಲೂ 2019ರ ಲೆಕ್ಕವೇ. ಅಂದರೆ ಈ ವರ್ಷ ಸೋಲು, ಮುಂದೆ ಬೆಳೆಯುವ ಹುಡುಗನನ್ನು ತಗೋ. ರೀಬಿಲ್ಡ್ ಅಂದರೆ ಇಷ್ಟೇ. ಈ ಪಿಕ್ ಅನ್ನೇ ಟ್ರೇಡ್‌ನಲ್ಲಿ ಕೊಟ್ಟುಬಿಟ್ಟರೆ? ಸೋಲು ನಿಮ್ಮದು, ಹುಡುಗ ಬೇರೆಯವರ ಪಾಲು.

ನಮ್ಮ ಹಿಂದಿನ ಮಹಾನುಭಾವ ಮಾಡಿದ್ದು ಅದನ್ನೇ. ಅವನಿಗೆ ಒಂದು ಚಾಂಪಿಯನ್‌ಶಿಪ್ ಬೇಕಿತ್ತು. ಮೂವತ್ತೆರಡು ವರ್ಷದ ಸ್ಟಾರ್ ಒಬ್ಬನನ್ನು ತಂದ. ಅವನಿಗಾಗಿ ಸಾಲಾಗಿ ನಾಲ್ಕು ವರ್ಷದ ಫಸ್ಟ್ ರೌಂಡ್ ಪಿಕ್ ಕೊಟ್ಟ. ಆಮೇಲೆ ಅದೇ ಸ್ಟಾರ್‌ಗೆ ಮ್ಯಾಕ್ಸ್ ಕಾಂಟ್ರಾಕ್ಟ್, ಅಂದರೆ ಕೊಡಬಹುದಾದ ಅತಿ ದೊಡ್ಡ ಸಂಬಳ, ಬರೆದ. ಕಪ್ ಬಂತಾ? ಪ್ಲೇಆಫ್‌ನ ಎರಡನೇ ರೌಂಡ್‌ನಲ್ಲಿ ಮನೆಗೆ. ಮುಂದಿನ ಆಫ್‌ಸೀಸನ್‌ನಲ್ಲಿ ಸ್ಟಾರ್‌ನ ರೇಟಿಂಗ್ ಧಡಾರ್ ಅಂತ ಬಿತ್ತು. ಸಿಮ್‌ನಲ್ಲಿ ಮೂವತ್ತು ದಾಟಿದವರ ಗತಿ ಅದೇ, ಎಲ್ಲರಿಗೂ ಗೊತ್ತಿರೋ ವಿಷಯ. ಅದಾದ ಮೇಲೆ ಇವನು "ಮನೆಯಲ್ಲಿ ಕೆಲಸ ಜಾಸ್ತಿ" ಅಂತ ಒಂದು ಸಾಲು ಬರೆದು ಜಾಗ ಖಾಲಿ ಮಾಡಿದ. ಹಳೇ ಬಾಡಿಗೆಯವನು ಬಿಟ್ಟು ಹೋದ ಕರೆಂಟ್ ಬಿಲ್ ಹೊಸಬನ ಕೈಗೆ ಬಂದ ಹಾಗೆ ಟೀಮು ನನ್ನ ಕೈಗೆ ಬಂತು.

ಇಂಥದ್ದನ್ನು ತಡೆಯೋಕೆ ನಿಜವಾದ ಎನ್‌ಬಿಎನಲ್ಲಿ ನಿಯಮವೇ ಇದೆ. ಟೆಡ್ ಸ್ಟೆಪಿಯನ್ ಅಂತ ಒಬ್ಬ ಮಾಲೀಕ ಇದ್ದ. 1980ರಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಕೊಂಡುಕೊಂಡ. ಫಸ್ಟ್ ರೌಂಡ್ ಪಿಕ್‌ಗಳನ್ನು ಒಂದರ ಹಿಂದೆ ಒಂದು ಕೊಡುತ್ತಾ ಹೋದ. ಅದರಲ್ಲಿ ಆಗಷ್ಟೇ ಹುಟ್ಟಿದ್ದ ಡಲ್ಲಾಸ್ ಟೀಮಿಗೆ ಹೋದವೇ ಹಲವು. ಲೀಗಿಗೇ ತಲೆ ಕೆಟ್ಟು ನಿಯಮ ತಂದಿತು. ಮುಂದಿನ ವರ್ಷಗಳಲ್ಲಿ ಸತತ ಎರಡು ವರ್ಷ ಫಸ್ಟ್ ರೌಂಡ್ ಪಿಕ್ ಇಲ್ಲದ ಹಾಗೆ ಯಾರೂ ಟ್ರೇಡ್ ಮಾಡಬಾರದು. ಅದಕ್ಕೆ ಇವತ್ತಿಗೂ ಸ್ಟೆಪಿಯನ್ ರೂಲ್ ಅಂತಲೇ ಹೆಸರು. ಇನ್ನೊಂದು ವಿಷಯ ಇದೆ, ಅದನ್ನು ನಮ್ಮ ಕಮಿಷನರ್ ಕಿವಿಗೆ ಬೀಳೋ ಹಾಗೆ ಹೇಳಬೇಕು. 1983ರಲ್ಲಿ ಆ ಟೀಮು ಗಂಡ್ ಸೋದರರ ಕೈಗೆ ಹೋದಾಗ ಹೊಸ ಮಾಲೀಕರಿಗೆ ಲೀಗೇ ಹೆಚ್ಚುವರಿ ಫಸ್ಟ್ ರೌಂಡ್ ಪಿಕ್ ಒದಗಿಸಿಕೊಟ್ಟಿತು. ಹಿಂದಿನವನು ಮಾಡಿದ್ದಕ್ಕೆ ಮುಂದಿನವನು ಸಾಯಬಾರದು ಅಂತ. ನಾನು ಟೀಮು ತಗೊಂಡಾಗ ಇದೇ ಕೇಳಿದೆ. ಒಂದೇ ಒಂದು ಪಿಕ್ ಕೊಡಿ, ಮೊದಲ ರೌಂಡಿನ ಕೊನೆಯಲ್ಲಾದರೂ ಸರಿ ಅಂದೆ. ಕಮಿಷನರ್ ಒಂದು ನಗುವ ಎಮೋಜಿ ಕಳಿಸಿದ. ಅಷ್ಟೇ ಉತ್ತರ.

ನಮ್ಮ ಲೀಗ್‌ನಲ್ಲಿ ಆಗ ಸ್ಟೆಪಿಯನ್ ರೂಲ್ ಇರಲಿಲ್ಲ. "ಜನರಿಗೆ ಸ್ವಾತಂತ್ರ್ಯ ಇರಲಿ, ಟ್ರೇಡ್ ಜಾಸ್ತಿ ಆಗಲಿ" ಅಂತ ಇವರ ವಾದ. ಸ್ವಾತಂತ್ರ್ಯ ಅನುಭವಿಸಿದವನು ಒಬ್ಬ, ಫಲ ಉಣ್ಣುತ್ತಿರೋನು ಇನ್ನೊಬ್ಬ.

ಈಗ ಸೀಸನ್‌ಗೆ ಬರೋಣ. ವಿಮರ್ಶೆ ಬರೆದವನು ಒಂದು ಬಾಕ್ಸ್ ಸ್ಕೋರನ್ನಾದರೂ ಬಿಚ್ಚಿ ನೋಡಿದ್ದಾನಾ ಅನ್ನೋದು ನನಗೆ ಅನುಮಾನ.

ಗೆದ್ದಿದ್ದು 19, ಸೋತಿದ್ದು 63. ಶುರುವಿನಲ್ಲಂತೂ 3 ಗೆಲುವು, 19 ಸೋಲು. ಮ್ಯಾಕ್ಸ್ ಕಾಂಟ್ರಾಕ್ಟ್‌ನ ಮಾಜಿ ಸ್ಟಾರ್ ನವೆಂಬರ್‌ನಲ್ಲೇ ಮೊಣಕಾಲು ಮುರಿದುಕೊಂಡು ಇಡೀ ಸೀಸನ್ ಹೊರಗೆ ಕೂತ. ಅವನ ಸಂಬಳ ಮಾತ್ರ ಕ್ಯಾಪ್‌ನಲ್ಲಿ (ಇಡೀ ಟೀಮಿನ ಸಂಬಳದ ಮಿತಿ) ಮೂರನೇ ಒಂದು ಭಾಗ ತಿನ್ನುತ್ತಿತ್ತು. ಬೇರೆ ಟೀಮಿನವರಿಗೆ ಅವನನ್ನು ತಗೊಳ್ಳಿ ಅಂದರೆ, ಜೊತೆಗೆ ಎರಡು ಫಸ್ಟ್ ರೌಂಡ್ ಪಿಕ್ ಸೇರಿಸು ಅಂತಿದ್ದರು. ಎಲ್ಲಿಂದ ತರಲಿ?

ಆದರೂ ಜನವರಿಯಿಂದ ಟೀಮಿಗೆ ಒಂದು ರೂಪ ಬಂತು. ಸೆಕೆಂಡ್ ರೌಂಡ್‌ನಲ್ಲಿ, 34ನೇ ಪಿಕ್‌ಗೆ ತಗೊಂಡ ಪಾಯಿಂಟ್ ಗಾರ್ಡ್ ಒಬ್ಬ ಇದ್ದಾನೆ. ಇಪ್ಪತ್ತು ವರ್ಷ. ಶುರುವಿನಲ್ಲಿ ಚೆಂಡು ಕೈಗೆ ಬಂದರೆ ಎದುರಾಳಿಗೇ ಕೊಡುತ್ತಿದ್ದ. ಟರ್ನೋವರ್ ನೋಡಿದರೆ ಕಣ್ಣು ಮುಚ್ಚಿಕೊಳ್ಳಬೇಕು ಅನ್ನಿಸೋದು. ಆದರೂ ಪಂದ್ಯಕ್ಕೆ 34 ನಿಮಿಷ ಆಡಿಸಿದೆ, ಯಾಕೆಂದರೆ ಈ ವಯಸ್ಸಿನವರು ಆಡಿದರೇ ಬೆಳೆಯೋದು. ಮಾರ್ಚ್ ಹೊತ್ತಿಗೆ ಪಂದ್ಯಕ್ಕೆ ಎಂಟು ಅಸಿಸ್ಟ್ (ಬುಟ್ಟಿಗೆ ದಾರಿ ಮಾಡೋ ಪಾಸ್), ಟರ್ನೋವರ್ ಮೂರಕ್ಕಿಂತ ಕಡಿಮೆ. ಇನ್ನೊಬ್ಬ ಫಾರ್ವರ್ಡ್ ವೇವರ್‌ನಲ್ಲಿ (ಟೀಮುಗಳು ಕೈಬಿಟ್ಟವರ ಪಟ್ಟಿ) ಸಿಕ್ಕವನು, ಯಾರೋ ಬೇಡ ಅಂತ ಎಸೆದಿದ್ದರು. ಮೂಲೆಯಿಂದ ಮೂರು ಪಾಯಿಂಟ್ ಶಾಟ್ ಹೊಡೆಯೋದು ಬಿಟ್ಟರೆ ಅವನಿಗೆ ಏನೂ ಬರಲ್ಲ, ಆದರೆ ಅದೊಂದು ಚೆನ್ನಾಗಿ ಬರುತ್ತೆ. ಡಿಫೆನ್ಸ್ ಬಗ್ಗೆ ಮಾತು ಬೇಡ, ಲೀಗ್‌ಗೇ ಕೊನೆ. ಸೆಂಟರ್ ಅಂತ ಇದ್ದವನಿಗೆ ರೀಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯೋದು) ಅಂದರೆ ಅಲರ್ಜಿ.

ಮತ್ತೆ ಖಾಲಿ ಇದ್ದ ಒಂದಿಷ್ಟು ಕ್ಯಾಪ್‌ನಲ್ಲಿ ಬೇರೆಯವರ ಕೆಟ್ಟ ಕಾಂಟ್ರಾಕ್ಟ್ ಒಂದನ್ನು ಹೊತ್ತುಕೊಂಡೆ. ಕೂಲಿಯಾಗಿ ಎರಡು ಸೆಕೆಂಡ್ ರೌಂಡ್ ಪಿಕ್ ಮತ್ತು ಮೂರು ವರ್ಷದ ರೂಕಿ (ಹೊಸಬರ) ಕಾಂಟ್ರಾಕ್ಟ್ ಬಾಕಿ ಇದ್ದ ಒಬ್ಬ ಶೂಟಿಂಗ್ ಗಾರ್ಡ್ ಸಿಕ್ಕಿದ. ವಿಮರ್ಶೆಯಲ್ಲಿ ಇದನ್ನು "ಅರ್ಥವಿಲ್ಲದ ಟ್ರೇಡ್" ಅಂತ ಬರೆದಿದ್ದಾನೆ. ಪಿಕ್ ಇಲ್ಲದ ಟೀಮು ಮತ್ತೆ ಎದ್ದು ನಿಲ್ಲಬೇಕಾದರೆ ಇದೇ ದಾರಿ ಅಂತ ಎನ್‌ಬಿಎ ಟೀಮು ಬ್ರೂಕ್ಲಿನ್ ನೆಟ್ಸ್ ಮಾಡಿ ತೋರಿಸಿಲ್ವಾ?

ಆ ಕತೆ ಈ ಲೀಗ್‌ನಲ್ಲಿ ಎಲ್ಲರಿಗೂ ಬಾಯಿಪಾಠ. 2013ರಲ್ಲಿ ನೆಟ್ಸ್‌ನವರು ಬಾಸ್ಟನ್‌ನಿಂದ ಪಾಲ್ ಪಿಯರ್ಸ್, ಕೆವಿನ್ ಗಾರ್ನೆಟ್ ಅವರನ್ನು ತಂದರು. ಇಬ್ಬರಿಗೂ ಆಗಲೇ ವಯಸ್ಸು ಮೂವತ್ತೈದು ದಾಟಿತ್ತು. ಕೊಟ್ಟಿದ್ದು 2014, 2016, 2018ರ ಫಸ್ಟ್ ರೌಂಡ್ ಪಿಕ್, 2017ಕ್ಕೆ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು. ವರ್ಷ ಬಿಟ್ಟು ವರ್ಷ ಪಿಕ್, ನಡುವೆ ಅದಲುಬದಲು. ಸ್ಟೆಪಿಯನ್ ರೂಲ್ ಮುರಿಯದೆ ಎಷ್ಟು ಕೊಡಬಹುದೋ ಅಷ್ಟೂ ಕೊಟ್ಟರು. ಗೆದ್ದಿದ್ದು ಒಂದೇ ಒಂದು ಪ್ಲೇಆಫ್ ಸರಣಿ. 2016ರ ಪಿಕ್‌ನಲ್ಲಿ ಬಾಸ್ಟನ್‌ಗೆ ಜೇಲನ್ ಬ್ರೌನ್ ಸಿಕ್ಕ. 2017ರಲ್ಲಿ ನೆಟ್ಸ್ 62 ಪಂದ್ಯ ಸೋತು ಗಳಿಸಿದ ಮೊದಲ ಪಿಕ್ ಕೂಡ ಬಾಸ್ಟನ್‌ಗೇ. ಅವರು ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು ಮೂರನೇ ಪಿಕ್‌ಗೆ ಇಳಿದು ಜೇಸನ್ ಟೇಟಮ್‌ನನ್ನು ತಗೊಂಡರು. 2024ರಲ್ಲಿ ಅದೇ ಇಬ್ಬರು ಬಾಸ್ಟನ್‌ಗೆ ಕಪ್ ತಂದರು.

ಆ ಬರಗಾಲದಲ್ಲಿ ನೆಟ್ಸ್ ಜನರಲ್ ಮ್ಯಾನೇಜರ್ ಆಗಿ ಬಂದ ಶಾನ್ ಮಾರ್ಕ್ಸ್ ಏನು ಮಾಡಿದರು? 2017ರಲ್ಲಿ ಲೇಕರ್ಸ್‌ಗೆ ಬೇಡವಾಗಿದ್ದ ಟಿಮೊಫೆ ಮಾಜ್‌ಗಾವ್‌ನ ದೊಡ್ಡ ಕಾಂಟ್ರಾಕ್ಟ್ ಹೊತ್ತುಕೊಂಡರು, ಅದರ ಜೊತೆಗೆ ಡಿ'ಆಂಜೆಲೋ ರಸೆಲ್‌ನನ್ನು ತಂದರು. 2019ರಲ್ಲಿ ಟೀಮು 42 ಗೆದ್ದು ಪ್ಲೇಆಫ್‌ಗೆ ಹೋಯಿತು. ಅವರು ಮಾಡಿದರೆ ಜಾಣತನ, ನಾನು ಮಾಡಿದರೆ ಅರ್ಥವಿಲ್ಲದ ಟ್ರೇಡ್. ಬರೆಯೋನಿಗೆ ನಾಚಿಕೆ ಬೇಡವಾ?

ಲಾಟರಿ ದಿನ ನಾನು ನೋಡಲೇಬಾರದಿತ್ತು. ನೋಡಿದೆ. ಕೆಟ್ಟ ಟೀಮಾಗಿದ್ದರೂ ಲಾಟರಿಯಲ್ಲಿ ಕೆಳಗೆ ಜಾರೋದು ಮಾಮೂಲಿ. ಎನ್‌ಬಿಎನಲ್ಲಿ ಡೆಟ್ರಾಯಿಟ್ 2023ರಲ್ಲೂ 2024ರಲ್ಲೂ ಎಲ್ಲರಿಗಿಂತ ಕಡಿಮೆ ಗೆದ್ದು ಎರಡೂ ಸಲ ಐದನೇ ಪಿಕ್‌ಗೆ ಬಿತ್ತು. ನಡುವಿನ ಸೀಸನ್‌ನಲ್ಲಿ ಸತತ 28 ಪಂದ್ಯ ಸೋತಿತ್ತು, ಪಾಪ. 2025ರಲ್ಲಿ 65 ಸೋತ ಯೂಟಾ ಕೂಡ ಐದಕ್ಕೇ ಹೋಯಿತು. ಡಲ್ಲಾಸ್‌ಗೆ ಶೇಕಡಾ 1.8 ಅವಕಾಶ ಇಟ್ಟುಕೊಂಡು ಮೊದಲ ಪಿಕ್ ಬಂತು. ನಾನೂ ಮನಸ್ಸಿನಲ್ಲಿ ಬೇಡಿಕೊಂಡಿದ್ದು ಅದನ್ನೇ. ನಮ್ಮ ಪಿಕ್ ಐದಕ್ಕೆ ಬೀಳಲಿ, ಆ ಕಡೆಯವನಿಗೆ ಕಡಿಮೆ ಖುಷಿ ಆಗಲಿ. ಬಂದಿದ್ದು ಎರಡು! ಏಳಡಿ ಎತ್ತರದ ಹತ್ತೊಂಬತ್ತು ವರ್ಷದ ಹುಡುಗ. ಬ್ಲಾಕ್, ರೀಬೌಂಡ್, ಪಾಸ್ ಎಲ್ಲ ಬರುತ್ತೆ. ನನ್ನ 63 ಸೋಲಿನ ಮೇಲೆ ಹತ್ತಿಕೊಂಡು ಬೇರೆ ಟೀಮಿಗೆ ಹೋದ.

ಬೇರೆ ಟೀಮು ಅಂದೆನಲ್ಲ, ಈಗ ಅದರ ಜನರಲ್ ಮ್ಯಾನೇಜರ್ ಯಾರು? ಅದೇ ಮಹಾನುಭಾವ! ಮನೆ ಕೆಲಸ ಮುಗಿಯಿತಂತೆ. ಒಂದು ಸೀಸನ್ ಬಿಟ್ಟು ವಾಪಸ್ ಬಂದ. ಅಷ್ಟು ಹೊತ್ತಿಗೆ ನಮ್ಮ ಪಿಕ್‌ಗಳನ್ನು ಕೊಂಡಿದ್ದ ಟೀಮಿನವನು ಲೀಗ್ ಬಿಟ್ಟಿದ್ದ. ಕಮಿಷನರ್ ಆ ಟೀಮನ್ನು ಇವನಿಗೇ ಕೊಟ್ಟ. "ಅನುಭವಿ, ಆ್ಯಕ್ಟಿವ್ ಆಗಿರ್ತಾನೆ" ಅಂತ ಕಾರಣ. ಅಂದರೆ ಎಡಗೈಯಲ್ಲಿ ಮಾರಿದ್ದನ್ನು ಬಲಗೈಯಲ್ಲಿ ಇಸ್ಕೊಂಡ. ಬಿಲ್ಲಿ ಕಿಂಗ್ 2013ರ ಆ ಟ್ರೇಡ್ ಮಾಡಿ 2016ರಲ್ಲಿ ನೆಟ್ಸ್ ಹುದ್ದೆ ಕಳೆದುಕೊಂಡರು. ಅವರನ್ನು ಕರೆದು ಬಾಸ್ಟನ್ ಕುರ್ಚಿಯಲ್ಲಿ ಯಾರಾದರೂ ಕೂರಿಸಿದರಾ?

ಹೊಸಬರಿಗೆ ಮಾತ್ರ ಒಳ್ಳೆ ಟೀಮು ಸಿಗಲ್ಲ. ಅವರು ಕೆಟ್ಟ ಟೀಮಿನಿಂದಲೇ ಶುರು ಮಾಡಿ "ತಮ್ಮನ್ನು ತಾವು ಸಾಬೀತು" ಮಾಡಬೇಕಂತೆ. ನಾಲ್ಕು ವರ್ಷ ಹಾಳು ಮಾಡಿ ಹೋದವನು ಯಾವುದನ್ನು ಸಾಬೀತು ಮಾಡಿದ ಅಂತ ಕೇಳಿದೆ. "ನೆಗೆಟಿವ್ ಆಗಬೇಡ" ಅಂದರು. ಫಿಲಡೆಲ್ಫಿಯಾದವರನ್ನು ನೋಡಿ ತಾಳ್ಮೆ ಕಲಿ ಅಂತ ಒಬ್ಬ ಬಿಟ್ಟಿ ಸಲಹೆ ಬೇರೆ ಕೊಟ್ಟ. ಅಲ್ಲಯ್ಯಾ, 2016ರಲ್ಲಿ ಅವರು ಗೆದ್ದಿದ್ದು ಬರೀ 10 ಪಂದ್ಯ, ನಿಜ. ಆದರೆ ಆ ಸೋಲಿನ ಕೂಲಿ ಅವರಿಗೇ ಸಿಕ್ತಲ್ಲ. ಆ ವರ್ಷದ ಮೊದಲ ಪಿಕ್ ಅವರದ್ದೇ.

ನಾನು ಗಲಾಟೆ ಮಾಡಿದ ಮೇಲೆ ಸ್ಟೆಪಿಯನ್ ರೂಲ್ ಮತಕ್ಕೆ ಹಾಕಿದರು. ಪಾಸಾಯಿತು. ಖುಷಿ ಪಡೋಣ ಅಂದರೆ ಇದು ಇನ್ನು ಮುಂದಿನ ಟ್ರೇಡ್‌ಗಳಿಗೆ ಮಾತ್ರ. ಅವನು ಮಾರಿದ್ದು ಮಾರಿದ್ದೇ. ಇನ್ನೂ ಎರಡು ವರ್ಷದ ನನ್ನ ಪಿಕ್ ಅವನ ಹತ್ತಿರ ಇದೆ. ಮೂರನೇ ವರ್ಷದ್ದು ನನ್ನದು, ಆದರೆ ಅದನ್ನು ನಾನು ಟ್ರೇಡ್ ಮಾಡೋ ಹಾಗಿಲ್ಲ. ಮಾಡಿದರೆ ಸತತ ವರ್ಷ ಪಿಕ್ ಇಲ್ಲದ ಹಾಗಾಗುತ್ತೆ, ಹೊಸ ರೂಲ್ ಅಡ್ಡ ಬರುತ್ತೆ! ಅವನ ಮೇಲೆ ಬೀಳಬೇಕಿದ್ದ ಬೇಲಿ ಬಂದು ನನ್ನ ಕಾಲಿಗೆ ಸುತ್ತಿಕೊಂಡಿದೆ.

ಇಷ್ಟಾದ ಮೇಲೆ ಆ ಪ್ಯಾರಾ, ಆ ಡಿ. ನಾಲ್ಕು ಜನ ಅದಕ್ಕೆ ಚಪ್ಪಾಳೆ ಎಮೋಜಿ ಹಾಕಿದ್ದಾರೆ.

ಸರಿ. ಸೋತರೆ ಅವನಿಗೆ ಲಾಭ ಅಂದ ಮೇಲೆ ನಾನ್ಯಾಕೆ ಸೋಲಲಿ? ಫ್ರೀ ಏಜೆನ್ಸಿ (ಕಾಂಟ್ರಾಕ್ಟ್ ಮುಗಿದವರನ್ನು ಯಾರು ಬೇಕಾದರೂ ಕರೆದುಕೊಳ್ಳೋ ಸಮಯ) ಶುರುವಾದ ದಿನವೇ ಮೂವತ್ತಮೂರು ವರ್ಷದ ಸೆಂಟರ್ ಒಬ್ಬನಿಗೆ ಎರಡು ವರ್ಷದ ಕಾಂಟ್ರಾಕ್ಟ್ ಕೊಟ್ಟಿದ್ದೇನೆ. ಓಡೋಕೆ ಆಗಲ್ಲ, ಆದರೆ ಪಂದ್ಯಕ್ಕೆ ಹನ್ನೊಂದು ರೀಬೌಂಡ್ ಗ್ಯಾರಂಟಿ. ಮೊಣಕಾಲು ಮುರಿದುಕೊಂಡಿದ್ದ ಸ್ಟಾರ್ ವಾಪಸ್ ಬರುತ್ತಿದ್ದಾನೆ, ಅವನನ್ನೂ ಬೆಂಚಿನಿಂದ ಇಪ್ಪತ್ತು ನಿಮಿಷ ಆಡಿಸುತ್ತೇನೆ. 38 ಗೆದ್ದರೂ ಸಾಕು, ಪಿಕ್ ಲಾಟರಿಯ ಬಾಲಕ್ಕೆ ಹೋಗುತ್ತೆ. ಮುಂದಿನ ವಿಮರ್ಶೆಯಲ್ಲಿ "ಯುವಕರನ್ನು ಬಿಟ್ಟು ಮುದುಕರ ಹಿಂದೆ ಬಿದ್ದಿದ್ದಾನೆ" ಅಂತ ಇ ಗ್ರೇಡ್ ಕೊಡಲಿ. ಕೊಡುವಾಗ ಅವನ ಕೈಗೆ ಬಂದಿರೋ ಪಿಕ್ ಹದಿನಾಲ್ಕನೆಯದಾಗಿರಬೇಕು, ನನಗೆ ಬೇಕಿರೋದು ಅಷ್ಟೇ.