ಆಯಿ, ಕತ್ತಲು ಯಾವಾಗ?

ಡಿಸೆಂಬರ್‌ನಲ್ಲಿ ಬೇಸಿಗೆ ಇರುವ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಪುಟ್ಟ ಮಗು ಜೊತೆ ಬೇಸಿಗೆ ಕ್ರಿಸ್ಮಸ್ ಮಾಡಿದ ಕನ್ನಡದ ಕುಟುಂಬದ ಲೇಖನ ಓದಿ ನಗು ಬಂತು. ನಮ್ಮದು ಬೀದರ್. ಇಲ್ಲಿ ಡಿಸೆಂಬರ್ ಅಂದ್ರೆ ಸ್ವೆಟರ್, ಮಫ್ಲರ್. ಬೆಳಗಿನ ಜಾವ ಹಾಡುತ್ತಾ ಮನೆಮನೆಗೆ ಬರುವ ಹುಡುಗರ ಬಾಯಲ್ಲಿ ಹೊಗೆ. ಹೋದ ವರ್ಷ ಕ್ರಿಸ್ಮಸ್‌ಗೆ ನಾವೂ ಮೆಲ್ಬರ್ನ್‌ಗೇ ಮಗಳ ಮನೆಗೆ ಹೋಗಿದ್ದೆವು, ಮೂರು ವರ್ಷದ ಮೊಮ್ಮಗ ಸಂಜೆ ಆರಕ್ಕೇ ಬಾಲ್ಕನಿಯ ಕ್ರಿಸ್ಮಸ್ ನಕ್ಷತ್ರದೀಪದ ಕೆಳಗೆ ಕುಳಿತು "ಆಯಿ, ಕತ್ತಲು ಯಾವಾಗ?" ಅಂತ ಕೇಳಿದ್ದೇ ಕೇಳಿದ್ದು, ಅಲ್ಲಿ ಆಗ ಸೂರ್ಯ ಮುಳುಗೋದೇ ರಾತ್ರಿ 8.40ರ ಸುಮಾರಿಗೆ ಅಲ್ವಾ! ನಕ್ಷತ್ರ ಹೊತ್ತಿಸುವಷ್ಟರಲ್ಲಿ ಅವನಿಗೆ ನಿದ್ದೆ, ಕೈಯಲ್ಲಿ ಅರ್ಧ ಕಚ್ಚಿದ ಕರ್ಚಿಕಾಯಿ. ಉಣ್ಣೆ ಟೋಪಿ ಬೇರೆ ಹೆಣೆದು ಒಯ್ದಿದ್ದೆ, ಸುಮ್ನೆ ಭಾರ. ಬೀಚಿಗೆ ಹೋಗುವವರು ಸನ್‌ಸ್ಕ್ರೀನ್ ಮರೀಬೇಡಿ, ನಮ್ಮ ಮನೆಯವರ ಮೂಗು ವಾರವಿಡೀ ಸಿಪ್ಪೆ ಸುಲಿಯಿತು.